ಕನ್ನಡಿಯ ಮುಂದೆ ಬಿಟ್ಟ ಟೂ

ನಮ್ಮೂರಿನಲ್ಲಿ ಟೂ ಬಿಡುವುದೆಂದರೆ ಆಟವಲ್ಲ. ಬೇರೆ ಊರುಗಳಲ್ಲಿ ಮಕ್ಕಳು ಬೆಳಗ್ಗೆ ಟೂ ಬಿಟ್ಟು ಮಧ್ಯಾಹ್ನಕ್ಕೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರಂತೆ. ಉಣ್ಣಲಿ ಬಿಡಿ, ಅವರಿಗೇನು ಕಷ್ಟ. ನಮ್ಮಲ್ಲಿ ಇಬ್ಬರು ಕಿರುಬೆರಳಿಗೆ ಕಿರುಬೆರಳು ಕೊಂಡಿ ಹಾಕಿ, "ಟೂ" ಅಂತ ಬಿಡಿಸಿಕೊಂಡರೆ ಮುಗಿಯಿತು, ಅವತ್ತಿನಿಂದ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಬಾಯಾಡುವುದು ಕಾಣುತ್ತದೆ, ಕೈ ಬೀಸುವುದು ಕಾಣುತ್ತದೆ, ದನಿ ಮಾತ್ರ ಇಲ್ಲ. ಮುನಿಸು ತೀರಿ ರಾಜಿಯಾಗುವ ತನಕ ಅಷ್ಟೇ.

ನಾವು ಹೇಗೋ ಹೊಂದಿಕೊಂಡಿದ್ದೇವೆ. ಹೆಣ್ಣು ನೋಡಲು ಬಂದವರು ಜಾತಕದ ಜತೆಗೆ "ನಮ್ಮ ಕಡೆಯವರ ಜತೆ ನಿಮ್ಮಲ್ಲಿ ಯಾರದ್ದಾದರೂ ಟೂ ಇದೆಯಾ?" ಅಂತ ಕೇಳುತ್ತಾರೆ. ಪುರಸಭೆಯಲ್ಲಿ ಅರ್ಧ ಜನಕ್ಕೆ ಇನ್ನರ್ಧ ಜನದ ಮಾತು ಕೇಳಿಸುವುದಿಲ್ಲ, ಅಲ್ಲಿನ ಜವಾನ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುತ್ತಾನೆ, ದಾಟಿಸುವಾಗ ಒಂದಿಷ್ಟು ಒಗ್ಗರಣೆಯನ್ನೂ ಹಾಕುತ್ತಾನೆ. ನಾನೂ ನಮ್ಮ ಯಜಮಾನರ ಜತೆ ವರ್ಷಕ್ಕೊಮ್ಮೆ, ಅವರ ತಂಗಿಯರೆಲ್ಲ ಬರುವ ಹೊತ್ತಿಗೆ, ಟೂ ಬಿಡುತ್ತೇನೆ. ತಪ್ಪು ತಿಳಿಯಬೇಡಿ, ದುಡಿಯುವ ಹೆಂಗಸಿಗೆ ರಜೆ ಬೇಡವೇ?

ಆದರೆ ತನ್ನ ಜತೆ ತಾನೇ ಟೂ ಬಿಟ್ಟವರು ನಮ್ಮೂರಿನ ಚರಿತ್ರೆಯಲ್ಲಿ ಒಬ್ಬರೇ, ನಮ್ಮ ಪಕ್ಕದ ಮನೆಯ ಕಾಶೀಪತಿ. ಎಲ್ಲರ ಬಾಯಲ್ಲೂ ಕಾಶಣ್ಣ. ಆಗ ಅವರಿಗೆ ಎಂಟು ವರ್ಷವಂತೆ. ಒಂದು ದಿನ ನಡುಮನೆಯ ಕನ್ನಡಿಯ ಮುಂದೆ ಸ್ಟೂಲು ಹಾಕಿಕೊಂಡು ಹತ್ತಿ, ಒಳಗೆ ಕಾಣುವ ಹುಡುಗನ ಕಿರುಬೆರಳಿಗೆ ತನ್ನ ಕಿರುಬೆರಳು ತಾಗಿಸಿ, "ಟೂ" ಎಂದುಬಿಟ್ಟರು. ಇಳಿದು ಬಂದು "ಅಮ್ಮ, ಅನ್ನ ಹಾಕು" ಅಂದರೆ ಆ ಮಾತು ಅಮ್ಮನಿಗೆ ಕೇಳಿಸಿತು, ಇವರಿಗೆ ಕೇಳಿಸಲಿಲ್ಲ. ಅಮ್ಮ ಹಣೆ ಚಚ್ಚಿಕೊಂಡರು. ದೊಡ್ಡವರೆಲ್ಲ ಸೇರಿ ತಲೆ ಕೆಡಿಸಿಕೊಂಡರು. ಇಬ್ಬರ ನಡುವೆ ಜಗಳವಾದರೆ ಮೂರನೆಯವರು ನಿಂತು ರಾಜಿ ಮಾಡಿಸಬಹುದು. ಒಬ್ಬನ ನಡುವೆ ಎಲ್ಲಿ ನಿಲ್ಲುವುದು? ಯಾಕೋ ಬಿಟ್ಟೆ ಅಂತ ಕೇಳಿದರೆ ಹುಡುಗ ತುಟಿ ಬಿಗಿದುಕೊಂಡ. ಆಮೇಲೆ ದೊಡ್ಡವರಾದರು, ಕಾರಣವೂ ಮರೆತುಹೋಯಿತು. ಟೂ ಮಾತ್ರ ಹಾಗೇ ಉಳಿಯಿತು.

ತನ್ನ ದನಿ ತನಗೇ ಕೇಳಿಸದವನಿಗೆ ಮೆಲ್ಲಗೆ ಮಾತಾಡುವುದು ಹೇಗೆ ಬಂದೀತು? ಕಾಶಣ್ಣನ ಗಂಟಲು ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು. ಹೆಣ್ಣು ನೋಡಲು ಹೋದಾಗ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದರಂತೆ, "ಮೂಗು ಸ್ವಲ್ಪ ಮೊಂಡು, ಆದ್ರೆ ನಕ್ಕಾಗ ಲಕ್ಷಣವಾಗಿ ಕಾಣ್ತಾಳೆ." ಅದು ಬೀದಿಯ ಕೊನೆಯ ಮನೆಗೂ ಕೇಳಿಸಿತು. ಅಡುಗೆಮನೆಯಲ್ಲಿದ್ದ ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಅದೇ ಒಪ್ಪಿಗೆ ಆಯಿತು. ನೀಲಾವತಿ ಅಂತ ಅವಳ ಹೆಸರು, ಪುಣ್ಯಾತಗಿತ್ತಿ, ಈಗ ಇಲ್ಲ. ಕೆಲಸವೂ ಗಂಟಲಿಗೆ ತಕ್ಕದ್ದೇ ಸಿಕ್ಕಿತು. ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು. "ಯಾರಿಗೆ ಬೇಕು? ಬದನೆಕಾಯಿ ಯಾರಿಗೆ ಬೇಕು?" ಅಂತ ಅವರು ಮಂಡಿಯಲ್ಲಿ ಕೂಗಿದರೆ ನಾನು ಮನೆಯಲ್ಲಿ ಕೂತು ಅವತ್ತಿನ ಹುಳಿ ಯಾವುದೆಂದು ತೀರ್ಮಾನ ಮಾಡುತ್ತಿದ್ದೆ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಕಾಶಣ್ಣ ಆಡಿದ ಒಂದು ಮಾತೂ ನನಗೆ ತಪ್ಪಿಲ್ಲ. ನಾನು ಕದ್ದು ಕೇಳುವವಳಲ್ಲ, ಆದರೆ ಕಿವಿಯನ್ನು ಕಿತ್ತಿಡಲು ಆಗುತ್ತದೆಯೇ?

ಇನ್ನೊಂದು ಗುಣ ಹೇಳಬೇಕು. ಊರಿಗೆಲ್ಲ "ಯಾರಿಗೆ ಬೇಕು" ಅಂತ ಕೇಳುವ ಮನುಷ್ಯ ತನಗೆ ಅಂತ ಒಂದು ಟೊಮೆಟೊ ತೆಗೆದುಕೊಂಡವರಲ್ಲ. ಎಲ್ಲರೂ ಆರಿಸಿಕೊಂಡು ಹೋದ ಮೇಲೆ ಉಳಿದ ಸೊಟ್ಟ ಸೌತೆಕಾಯಿಯನ್ನೇ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು. ಮದುವೆ ಮನೆಯಲ್ಲಿ ಎರಡನೇ ಸಲ ಹೋಳಿಗೆ ಬಂದರೆ ಎಲೆಯ ಮೇಲೆ ಕೈ ಅಡ್ಡ, "ನನಗೇನೂ ಬೇಡ!" ನೀಲಾವತಿ ಸೀರೆ ಅಂಗಡಿಯಲ್ಲಿ, ನಿಮಗೊಂದು ಪಂಚೆ ತಗೊಳ್ಳಿ ಅಂದರೂ ಅದೇ, "ನನಗೇನೂ ಬೇಡ!" ಕಾಶಣ್ಣ ಅಂದರೆ ಆಸೆಯೇ ಇಲ್ಲದ ದೇವರಂಥ ಮನುಷ್ಯ ಅಂತ ಊರೆಲ್ಲ ಹೊಗಳುತ್ತಿತ್ತು. ನಾನೂ ಹೊಗಳಿದ್ದೇನೆ.

ಇಂಥ ಮನೆಗೆ ಮಗಳು ವೈಜಯಂತಿ ಬಾಣಂತನಕ್ಕೆ ಬಂದಳು. ತಾಯಿ ಇಲ್ಲದ ಮನೆ ಅಂತ ಕಾಶಣ್ಣನ ಅಕ್ಕ ಭಾಗೀರಥಕ್ಕ ಬಂದು ಅಡುಗೆಮನೆ ಹಿಡಿದರು, ಮಗುವಿಗೆ ಎಣ್ಣೆ ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಹೆಣ್ಣು ಮಗು. ತಲೆ ತುಂಬ ಕೂದಲು, ಅಜ್ಜಿಯದೇ ಮೊಂಡು ಮೂಗು. ಆಸ್ಪತ್ರೆಯಿಂದ ಬಂದ ದಿನ ಕಾಶಣ್ಣ ಬಾಗಿಲಲ್ಲೇ ನಿಂತು, ಅವರ ಲೆಕ್ಕದಲ್ಲಿ ಬಹಳ ಮೆಲ್ಲಗೆ, "ಬಂದ್ಯಾ ಪುಟ್ಟೀ" ಅಂದರು. ಮಗು ಬೆಚ್ಚಿಬಿದ್ದು ಉಸಿರು ಕಟ್ಟುವ ಹಾಗೆ ಅತ್ತಿತು. ಅಂದಿನಿಂದ ಅದೇ ಕತೆ. ಕಾಶಣ್ಣ ಹಿತ್ತಿಲಲ್ಲಿ ಸೀನಿದರೆ ಇಲ್ಲಿ ತೊಟ್ಟಿಲಲ್ಲಿ ಅಳು. ಪಾಪ, ಮನೆಯೊಳಗೆ ಬಾಯಿ ತೆರೆಯುವುದನ್ನೇ ಬಿಟ್ಟರು. ಕಾಫಿ ಬೇಕಾದರೆ ಲೋಟದ ಸನ್ನೆ, ಸ್ನಾನಕ್ಕೆ ಚೊಂಬಿನ ಸನ್ನೆ. ಆದರೆ ಅಷ್ಟರಲ್ಲಿ ಮಗುವಿಗೆ ಅವರ ಮುಖ ಕಂಡರೂ ಸಾಕು, ತುಟಿ ಸೊಟ್ಟಗಾಗುತ್ತಿತ್ತು. ಒಂದು ದಿನವೂ ಅದನ್ನು ಎತ್ತಿಕೊಳ್ಳಲು ಆಗಲಿಲ್ಲ ಅವರಿಗೆ.

ಕೊನೆಗೆ ವೈಜಯಂತಿಯೇ ಸೋದರತ್ತೆ ಭಾಗೀರಥಕ್ಕನ ಹತ್ತಿರ ಹೇಳಿದಳು, "ಅತ್ತೆ, ಬರೋ ಸೋಮವಾರ ನಾನು ನಮ್ಮನೆಗೆ ಹೊರಟುಬಿಡ್ತೀನಿ. ಮಗು ನಿದ್ದೆ ಇಲ್ದೆ ಸೊರಗ್ತಾ ಇದೆ. ಅಪ್ಪ ಅವರ ಮನೇಲೇ ಕಳ್ಳನ ಹಾಗೆ ಓಡಾಡೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ." ಐದು ತಿಂಗಳಿಗೆ ಅಂತ ಬಂದವಳು. ಭಾಗೀರಥಕ್ಕ ಅದನ್ನು ತಮ್ಮನಿಗೆ ಮುಟ್ಟಿಸಿದರು. ಕಾಶಣ್ಣ ಕೈ ಬೀಸಿ, ಹೋಗಲಿ ಬಿಡು, ನನಗೇನೂ ಬೇಡ ಅಂತ ಸನ್ನೆ ಮಾಡಿದರು. ಆಮೇಲೆ ಹಿತ್ತಿಲ ಬಾವಿಕಟ್ಟೆಯ ಮೇಲೆ ಹೋಗಿ ಕೂತರು. ನಾನು ಮಗುವಿನ ಬಟ್ಟೆ ಒಣಹಾಕುತ್ತಿದ್ದೆ. ಅಳುತ್ತಿದ್ದರು. ಅಳುವುದೂ ಜೋರಾಗಿ ಕೇಳಿಸೀತು ಅಂತ ಟವೆಲ್ಲನ್ನು ಬಾಯಿಗೆ ತುರುಕಿಕೊಂಡಿದ್ದರು.

ಮರುದಿನ ಬೆಳಗ್ಗೆಯೇ ಕಾಶಣ್ಣ ಕನ್ನಡಿಯ ಮುಂದೆ ನಿಂತಿದ್ದರು. ಅದೇ ಹಳೆಯ ಕನ್ನಡಿ, ಅಂಚಿನಲ್ಲಿ ನೀಲಾವತಿ ಅಂಟಿಸಿದ ಬಿಂದಿಗಳು ಇನ್ನೂ ಇದ್ದವು. ಜೇಬಿನಿಂದ ಶುಂಠಿ ಪೆಪ್ಪರ್‌ಮಿಂಟು ತೆಗೆದು ಒಳಗಿನವನಿಗೆ ತೋರಿಸಿದರು. ಅವನೂ ತೋರಿಸಿದ. ಇವರು ಬಾಯಿಗೆ ಹಾಕಿಕೊಂಡರು. ಅವನೂ ಹಾಕಿಕೊಂಡ. ಕಿರುಬೆರಳು ಗಾಜಿಗೆ ತಾಗಿಸಿ "ರಾಜಿ!" ಅಂದರು. ಮಗು ಅತ್ತಿತು. ಕಾಶಣ್ಣನಿಗೆ ಆ ಅಳು ಕೇಳಿಸಿತು, ತಮ್ಮ ದನಿ ಕೇಳಿಸಲಿಲ್ಲ. ಬೀದಿಯ ಮಕ್ಕಳು ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದರು. ಟೂ ವಿಷಯದಲ್ಲಿ ಅವರಷ್ಟು ತಿಳಿದವರು ಯಾರಿದ್ದಾರೆ?

"ತಾತಾ, ಅವನು ಯಾಕೆ ಮುನಿಸ್ಕೊಂಡಿದಾನೆ ಅಂತ ಗೊತ್ತಿಲ್ದೆ ಪೆಪ್ಪರ್‌ಮಿಂಟ್ ಕೊಟ್ರೆ ನಡೆಯಲ್ಲ," ಅಂತ ಮುಂದಿನ ಹಲ್ಲು ಬಿದ್ದ ಒಂದು ಹುಡುಗಿ ತೀರ್ಪು ಕೊಟ್ಟಳು. "ತಪ್ಪು ಒಪ್ಕೋಬೇಕು."

ತಪ್ಪು! ಅದು ಕಾಶಣ್ಣನ ಮನಸ್ಸಿಗೆ ಸರಿಯಾಗಿ ಹೊಕ್ಕಿತು. ಏನೋ ಕಿತಾಪತಿ ಮಾಡಿ ಪೆಟ್ಟು ತಿಂದಿರಬೇಕು, ಆ ಸಿಟ್ಟಿಗೆ ಟೂ ಬಿಟ್ಟಿರಬೇಕು ಅಂದುಕೊಂಡರು. ಯಾವ ಕಿತಾಪತಿ ಅಂತ ನೆನಪಿಲ್ಲವಲ್ಲ, ಅದಕ್ಕೇ ನೆನಪಿದ್ದದ್ದನ್ನೆಲ್ಲ ಕನ್ನಡಿಯ ಮುಂದೆ ಪಿಸುಗುಟ್ಟಲು ಶುರು ಮಾಡಿದರು. ಅವರ ಪಿಸುಮಾತು ನಿಮಗೆ ಗೊತ್ತೇ ಇದೆ. ಶೆಟ್ಟರ ಮನೆಯ ಸೀಬೆಕಾಯಿ ಖಾಲಿ ಮಾಡಿದ್ದು, ಸೋದರಮಾವನ ನಶ್ಯದ ಡಬ್ಬಿಗೆ ಮೆಣಸಿನಪುಡಿ ಬೆರೆಸಿದ್ದು, ಮೇಷ್ಟ್ರ ಕೊಡೆಯೊಳಗೆ ಕಪ್ಪೆ ಬಿಟ್ಟದ್ದು, ಒಂದೊಂದೂ ಮಂಗಳಾರತಿಯ ಗಂಟೆಯ ಹಾಗೆ ಊರೆಲ್ಲ ಮೊಳಗಿತು. ಸ್ವಲ್ಪ ಹೊತ್ತಿಗೆ ನರಸಿಂಗ ಮೇಷ್ಟ್ರು ಕೋಲೂರಿಕೊಂಡು ಬಾಗಿಲಿಗೆ ಬಂದರು. ಅವರೀಗ ಹಣ್ಣು ಹಣ್ಣು ಮುದುಕರು.

"ಆ ಕಪ್ಪೆ ನಿಂದೇನೋ? ಇಷ್ಟು ವರ್ಷ ನಾನು ಆ ಪುಟ್ಟಸ್ವಾಮೀನ ಬೈಕೊಂಡು ಬಂದೆನಲ್ಲೋ!"

"ನೀವು ಬೈದದ್ದು ವೇಸ್ಟ್ ಏನಾಗಿಲ್ಲ ಮೇಷ್ಟ್ರೇ, ಪುಟ್ಟಸ್ವಾಮಿ ಬೇರೆ ಏನೋ ಮಾಡೇ ಇರ್ತಾನೆ," ಅಂತ ಭಾಗೀರಥಕ್ಕ ಸಮಾಧಾನ ಮಾಡಿ ಕಾಫಿ ಕೊಟ್ಟು ಕಳಿಸಿದರು. ಆಮೇಲೆ ಶೆಟ್ಟರ ಸೊಸೆ ಬಂದು ನೋಡಿಕೊಂಡು ಹೋದಳು. ಭಾನುವಾರದ ತನಕ ಆ ಮನೆಯಲ್ಲಿ ಸಂತೆ. ರಾಜಿ ಮಾತ್ರ ಆಗಲಿಲ್ಲ.

ಭಾನುವಾರ ಮಧ್ಯಾಹ್ನ ಭಾಗೀರಥಕ್ಕನ ತಾಳ್ಮೆ ಕೆಟ್ಟಿತು. ಸೌಟು ಹಿಡಿದುಕೊಂಡೇ ನಡುಮನೆಗೆ ಬಂದರು. "ಅಲ್ಲ ಕಣೋ ಕಾಶಿ, ಬೆಳಗ್ಗೆಯಿಂದ ಸಾಯಂಕಾಲದ ತನಕ ನೀನೇ ಬಡ್ಕೋತಿದ್ದೀಯ. ಆ ಹುಡುಗನ್ನ ಒಂದು ಮಾತು ಕೇಳಿದ್ಯಾ? ಏನಪ್ಪಾ ಬೇಕು ನಿಂಗೆ ಅಂತ?"

ಕಾಶಣ್ಣ ಅಕ್ಕನ ಮುಖ ನೋಡಿದರು. ಆಮೇಲೆ ಕನ್ನಡಿಗೆ ತಿರುಗಿ ಕೇಳಿದರು, "ಏನೋ ಬೇಕು ನಿನಗೆ?"

ಕೇಳಿ ಮುಗಿಸಿದ್ದೇ ತಡ, ರೂಢಿಬಲದಿಂದ ಅವರ ಕೈ ತಾನಾಗಿ ಮೇಲೆದ್ದಿತು, ಎಲೆಯ ಮೇಲೆ ಅಡ್ಡ ಇಟ್ಟ ಹಾಗೆ, ತುಟಿ ತಾನಾಗಿ ಆಡಿತು: ನನಗೇನೂ ಬೇಡ. ಒಳಗಿನವನೂ ಹಾಗೇ ಅಂದ. ದನಿ ಕೇಳಿಸದಿದ್ದರೇನು, ತುಟಿಯ ಮೇಲೆ ಆ ಮಾತು ಕಣ್ಣಿಗೆ ಹೊಡೆದ ಹಾಗೆ ಕಂಡಿತು ಅವರಿಗೆ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ನಾನು ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ನಿಲ್ಲಿಸಿದೆ.

"ಅಕ್ಕಾ, ಬೇರಿಂಗ್ ಗಾಡಿ," ಅಂದರು ಕಾಶಣ್ಣ.

ಎಣ್ಣೆ ಮಿಲ್ಲಿನವರು ಎಸೆದ ಹಳೆಯ ಬೇರಿಂಗುಗಳನ್ನು ಬೇಡಿ ತಂದು, ಒಂದು ಹಲಗೆಗೆ ಚಕ್ರದ ಹಾಗೆ ಜೋಡಿಸಿ, ಎಂಟು ವರ್ಷದ ಹುಡುಗ ತಾನೇ ಮಾಡಿಕೊಂಡ ಗಾಡಿ ಅದು. ಮಿಲ್ಲಿನ ಇಳಿಜಾರಿನಲ್ಲಿ ಅದರ ಮೇಲೆ ಕೂತು ಬಿಟ್ಟರೆ ಗರಗರ ಅಂತ ಸದ್ದು ಮಾಡುತ್ತ ಕೆರೆ ಏರಿಯ ತನಕ ಹೋಗುತ್ತಿತ್ತಂತೆ. ರಜಕ್ಕೆ ಬಂದ ಅತ್ತೆಯ ಮಗ ವಾಮನ ಅದು ನನಗೆ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡಿದ. ಅತ್ತೆ ಇವರ ಗಲ್ಲ ಹಿಡಿದು, "ಕೊಡ್ತೀಯಾ ಕಂದಾ? ನೀನು ಜಾಣ ಅಲ್ವಾ?" ಅಂದರು. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಕಾಶಿ ಅಂದ, "ತಗೊಂಡ್ಹೋಗ್ಲಿ ಅತ್ತೆ. ನನಗೇನೂ ಬೇಡ."

"ಹೌದು ಕಣೋ," ಅಂದರು ಭಾಗೀರಥಕ್ಕ ಸೌಟು ಕೆಳಗಿಟ್ಟು. "ಚಿನ್ನದಂಥ ಹುಡುಗ ಅಂತ ಎಲ್ಲ ಹೊಗಳಿದ್ದೇ ಹೊಗಳಿದ್ದು. ನಿಂಗೊಂದು ಇಡೀ ಲಾಡು ಕೊಟ್ರು. ನಂಗೆ ಅರ್ಧವೂ ಕೊಡ್ಲಿಲ್ಲ."

"ಲಾಡು ತಿಂದ್ಕೊಂಡು ಕನ್ನಡೀಲಿ ನೋಡ್ಕೊಂಡೆ ಅಕ್ಕ. ಬೇಕು ಅಂತ ಹೊಟ್ಟೆ ಉರೀತಿತ್ತು, ಬಾಯಿ ಮಾತ್ರ ಬೇಡ ಅಂದ್ಬಿಡ್ತು. ಇಂಥ ಸುಳ್ಳನ ಜತೆ ನಾನು ಮಾತಾಡಲ್ಲ ಅಂತ..." ಕಾಶಣ್ಣನ ಕಣ್ಣು ತುಂಬಿತು. ಈ ಸಲ ಟವೆಲ್ಲು ಹುಡುಕಲಿಲ್ಲ.

ಕಾರಣ ಸಿಕ್ಕಿತಲ್ಲ, ಇನ್ನೇನು ಕೆಲಸ ಆಯಿತು ಅಂತ ನಾವೆಲ್ಲ ಕನ್ನಡಿಯ ಸುತ್ತ ನಿಂತೆವು. ಕಾಶಣ್ಣ ಬೆರಳು ತಾಗಿಸಿ, "ಗಾಡಿ ನನಗೆ ಬೇಕಿತ್ತು," ಅಂದರು. ಏನೂ ಆಗಲಿಲ್ಲ. ಭಾಗೀರಥಕ್ಕ ವಾಮನನಿಗೇ ಫೋನು ಹಚ್ಚಿದರು. ಅವನು "ಯಾವ ಗಾಡಿ? ಓ ಅದಾ, ಊರಿಗೆ ಹೋದ ಎರಡೇ ದಿನಕ್ಕೆ ಮುರಿದು ಒಲೆಗೆ ಹಾಕಿದ್ರಲ್ಲ," ಅಂದ. ಫೋನಿಟ್ಟ ಮೇಲೆ ಭಾಗೀರಥಕ್ಕ ತಮ್ಮನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು, "ಬರೀ ಬಾಯಲ್ಲಿ ಹೇಳಿದ್ರೆ ಅವನು ನಂಬ್ತಾನೇನೋ? ಅವತ್ತಿಂದ ನಿನ್ನನ್ನ ನೋಡ್ತಾನೇ ಇದಾನೆ. ನೀಲಾವತಿ ಪಂಚೆ ಕೊಡಿಸ್ತೀನಿ ಅಂದಾಗ್ಲೂ ನೋಡಿದ."

ಸೋಮವಾರ ಬೆಳಗ್ಗೆ ಅಳಿಯ ಕಾರು ತಂದ. ಒಳ್ಳೆಯ ಹುಡುಗ, ಮಾತು ಕಡಿಮೆ, ತಿಂಡಿ ಜಾಸ್ತಿ. ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡು ಚೀಲಗಳನ್ನು ಡಿಕ್ಕಿಗೆ ತುಂಬಿದ. ತೊಟ್ಟಿಲು ಬಿಚ್ಚಿದ್ದಾಯಿತು. ನಾನು ಮಗುವಿಗೆ ಕೊನೆಯ ಸಲ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತಿ ವೈಜಯಂತಿಯ ಕೈಗೆ ಕೊಟ್ಟೆ. ಕಾಶಣ್ಣ ಮಗುವಿಗೆ ಮುಖ ಕಾಣದ ಹಾಗೆ ಕನ್ನಡಿಯ ಎದುರಿನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ವೈಜಯಂತಿ ಅವರ ಹತ್ತಿರ ಬಂದು, ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

"ಹೊರಡ್ಲಾಪ್ಪ? ನಿಮಗೆ ಬೇಜಾರಿಲ್ಲ ತಾನೇ?"

ಕಾಶಣ್ಣನ ಕೈ ಎದ್ದಿತು. ಅದೇ ಹಳೆಯ ಕೈ. ಹೋಗಿ ಬಾ, ನನಗೇನೂ ಬೇಡ ಅಂತ ಬೀಸಲು ಹೊರಟಿತು. ಆಗ ಎದುರಿನ ಕನ್ನಡಿಯ ಮೇಲೆ ಅವರ ಕಣ್ಣು ಬಿತ್ತು. ಅಲ್ಲೊಬ್ಬ ನರೆತ ಕೂದಲಿನ ಚಿನ್ನದಂಥ ಹುಡುಗ, ಸುತ್ತ ನಿಂತವರೆಲ್ಲ ಮೆಚ್ಚುವ ಹಾಗೆ ಕೈ ಎತ್ತಿಕೊಂಡು ನಿಂತಿದ್ದ. ಕಾಶಣ್ಣ ಕೈ ಕೆಳಗಿಳಿಸಿದರು. ಮಗು ಅತ್ತರೆ ಅಳಲಿ ಅಂತ ತೀರ್ಮಾನ ಮಾಡಿದ್ದು ಅವರ ಮುಖದಲ್ಲೇ ಕಂಡಿತು ನನಗೆ.

"ಬೇಜಾರಿದೆ!" ಅಂದರು. "ಹೋಗ್ಬೇಡ ವೈಜೂ! ನನಗೆ ಬೇಕು! ಈ ಮಗು ನನಗೆ ಬೇಕು, ನೀನು ಬೇಕು, ನಾನು ಎತ್ಕೋಬೇಕು ಅವಳನ್ನ!"

ಮಂಡಿಯಲ್ಲೂ ಅವರು ಹಾಗೆ ಕೂಗಿದ್ದನ್ನು ನಾನು ಕೇಳಿಲ್ಲ. ಕರೆಂಟು ತಂತಿಯ ಮೇಲಿದ್ದ ಕಾಗೆಗಳು ಹಾರಿಹೋದವು. ಅಳಿಯನ ಕೈಯಿಂದ ಫ್ಲಾಸ್ಕು ಬಿತ್ತು. ಮಗು ಕಿಟಾರನೆ ಕಿರುಚಿತು. ನಾವೆಲ್ಲ ರೂಢಿಯಂತೆ ಕಿವಿ ಮುಚ್ಚಿಕೊಂಡು ನೋಡುತ್ತೇವೆ, ಕಾಶಣ್ಣನೂ ಎರಡು ಕೈಯಿಂದ ತಮ್ಮ ಕಿವಿ ಮುಚ್ಚಿಕೊಂಡಿದ್ದಾರೆ!

"ಅಯ್ಯಯ್ಯೋ, ಯಾರಕ್ಕಾ ಅದು ಹಾಗೆ ಅರಚಿದ್ದು?" ಅಂದರು.

ಭಾಗೀರಥಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನೀನೇ ಕಣೋ, ಪ್ರಾಣಿ! ನೀನೇ!"

"ನಾನಾ?" ಅಂದು ಬೆಚ್ಚಿದರು. ಆಮೇಲೆ ಸ್ವಲ್ಪ ಇಳಿಸಿ, "ನಾನಾ?" ಮತ್ತೂ ಇಳಿಸಿ, "ನಾನಾ?" ಕತ್ತಲೆಯಲ್ಲಿ ಮೆಟ್ಟಿಲು ಇಳಿಯುವವರು ಒಂದೊಂದನ್ನೇ ಕಾಲಲ್ಲಿ ತಡವುವ ಹಾಗೆ ಇಳಿಯುತ್ತ ಹೋದರು. ಕೊನೆಯ "ನಾನಾ" ಎಷ್ಟು ಮೆತ್ತಗಿತ್ತೆಂದರೆ ಅಳುತ್ತಿದ್ದ ಮಗು ಅದನ್ನು ಕೇಳಲು ಅಳು ನಿಲ್ಲಿಸಿತು. ವೈಜಯಂತಿ ಮಗುವನ್ನು ಅಪ್ಪನ ಕೈಗೆ ಇಟ್ಟಳು. ಅದು ಮೊಂಡು ಮೂಗು ಅರಳಿಸಿಕೊಂಡು ಅವರನ್ನು ನೋಡಿತು, ಕೈಗೆ ಸಿಕ್ಕ ಅವರ ಕಿರುಬೆರಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತು.

ಅಳಿಯ ಚೀಲಗಳನ್ನೆಲ್ಲ ಮತ್ತೆ ಇಳಿಸಿದ. ಗೊಣಗಲಿಲ್ಲ, ಮಧ್ಯಾಹ್ನಕ್ಕೆ ಹೋಳಿಗೆ ಅಂತ ಭಾಗೀರಥಕ್ಕ ಮೊದಲೇ ಹೇಳಿದ್ದರು. ಊಟಕ್ಕೆ ಕೂತಾಗ ಕಾಶಣ್ಣನ ಎಲೆಯ ಹತ್ತಿರ ಎರಡನೇ ಸಲ ಹೋಳಿಗೆ ಬಂತು. ನಾವೆಲ್ಲ ಉಸಿರು ಹಿಡಿದು ನೋಡಿದೆವು. "ಹಾಕು," ಅಂದರು. ಸ್ವಲ್ಪ ತಡೆದು, ನಾಚಿಕೊಂಡು, "ತುಪ್ಪಾನೂ," ಅಂದರು.

ಸಾಯಂಕಾಲ ನಾನು ನಮ್ಮ ಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದೆ. ಗೋಡೆಯ ಆ ಕಡೆ ಜೋಲಿಯ ಹಗ್ಗ ಜೀಕುವ ಸದ್ದು ಬರುತ್ತಿತ್ತು. ಮೊಮ್ಮಗಳ ಜತೆ ಕಾಶಣ್ಣ ಏನೋ ಮಾತಾಡುತ್ತಿರಬೇಕು ಅನ್ನಿಸಿತು. ಹೂವಿನ ಬುಟ್ಟಿ ಪಕ್ಕಕ್ಕಿಟ್ಟು ಹತ್ತಿರ ಹೋದೆ. ನಾನು ಕದ್ದು ಕೇಳುವವಳಲ್ಲ ಅಂತ ಆಗಲೇ ಹೇಳಿದೆನಲ್ಲ, ಅವತ್ತು ಮಾತ್ರ ಗೋಡೆಗೆ ಕಿವಿ ಒತ್ತಿ ನಿಂತೆ. ಎಷ್ಟು ಹೊತ್ತು ನಿಂತರೂ ಒಂದಕ್ಷರ ಕೇಳಿಸಲಿಲ್ಲ.